ಯಾರೂ ಹಾಕದ ಬರೆ

ನನ್ನ ಸೊಂಟದ ಎಡಬದಿಯಲ್ಲಿ, ಸೀರೆಯೊಳಗೆ ಉಡುವ ಪರಕಾರದ ಲಾಡಿ ಕಟ್ಟುವ ಜಾಗಕ್ಕಿಂತ ತುಸು ಕೆಳಗೆ, ಶೇಂಗಾ ಕಾಳಿನಷ್ಟು ದೊಡ್ಡ ಕಲೆಯೊಂದಿದೆ. ಈಗ ಅದು ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಅದು ಕರ್ರಗಿದ್ದ ದಿನಗಳಲ್ಲಿ ನಾನು ಸಾವಿನ ಹತ್ತಿರ ಹೋಗಿದ್ದೆ. ಆಗ ಅದನ್ನು ನೋಡಿದವರು ಅದೇನು ಎಂದು ಕೇಳಲಿಲ್ಲ, ಯಾರು ಮಾಡಿದರು ಎಂದು ಕೇಳಿದರು. ಆ ತಪ್ಪು ಪ್ರಶ್ನೆಯಲ್ಲಿ ನನ್ನ ಜೀವವೂ ನಮ್ಮ ಅತ್ತೆಯ ಮಾನವೂ ಸಿಕ್ಕಿಕೊಂಡವು. ಜ್ವರ ಬಿಟ್ಟು ವರ್ಷಗಳಾದವು, ಸಿಟ್ಟು ಬಿಟ್ಟಿಲ್ಲ. ಆದ್ದರಿಂದಲೇ ನಡೆದದ್ದನ್ನು ಅವಸರ ಮಾಡದೆ, ನಡೆದ ಹಾಗೆಯೇ ಬರೆಯಬೇಕೆಂದಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ನಾನು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಮನೆಯವರದು ಅಲ್ಲೇ ಬೀಜ ಮತ್ತು ಗೊಬ್ಬರದ ಅಂಗಡಿ. ಹೊಲ ಇದ್ದದ್ದು ಕಿತ್ತೂರಿನ ಆಚೆ, ದೇಗಾಂವದ ದಾರಿಯಲ್ಲಿ. ಆ ಹೊಲದ ಯಜಮಾನಿಕೆ ಪೂರ್ತಿ ನಮ್ಮ ಅತ್ತೆ ಗೌರವ್ವನವರದು. ಆಳುಗಳನ್ನು ಕರೆಯುವುದು, ಎಮ್ಮೆ ಮಾರುವುದು, ಯಾವ ಮಡಿಗೆ ಯಾವ ಬೀಜ ಎನ್ನುವುದು, ಎಲ್ಲ ಅವರೇ ನಿರ್ಧರಿಸುತ್ತಿದ್ದರು. ಬೀಜದ ಅಂಗಡಿಯ ಮಗ ಹೇಳಿದ್ದನ್ನು ಕೇಳುತ್ತಿದ್ದರು, ಆದರೆ ಬಿತ್ತುತ್ತಿದ್ದದ್ದು ತಮಗೆ ಸರಿಯೆನಿಸಿದ್ದನ್ನೇ.

ದಸರೆ ರಜೆಗೆ ನಾನು ಊರಿಗೆ ಹೋಗಿದ್ದೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಬದುವಿನ ಮೇಲೆ ಹುಲ್ಲು ಎದೆಮಟ್ಟ ಬೆಳೆದಿತ್ತು, ನಡುನಡುವೆ ಮುಳ್ಳುಕಂಟಿ. ಅತ್ತೆ, ನಾನು ಇಬ್ಬರೂ ಕುಡಗೋಲು ಹಿಡಿದು ಎಮ್ಮೆಗಳಿಗೆ ಹುಲ್ಲು ಕೊಯ್ದೆವು. ಮಧ್ಯಾಹ್ನ ಕೊಯ್ದ ಹುಲ್ಲಿನ ಮೇಲೆಯೇ ಕುಳಿತು ರೊಟ್ಟಿ ತಿಂದೆವು. ಸಂಜೆ ಅತ್ತೆ ಎಮ್ಮೆಯ ಕಿವಿಯೊಳಗಿನ ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದಾಗ, ತರಗತಿಯಲ್ಲಿ ತೋರಿಸಲೆಂದು ನಾನೊಂದನ್ನು ಬಾಟಲಿಯಲ್ಲಿ ಹಾಕಿಕೊಂಡೆ.

"ಹುಡುಗ್ರಿಗೆ ತೋರ್ಸಾಕ ಉಣ್ಣಿ ಬೇಕೇನವಾ? ಬೈಲಹೊಂಗಲದಾಗ ನಾಯಿ ಇಲ್ಲೇನು?" ಎಂದು ಅತ್ತೆ ನಕ್ಕರು.

ಮಕ್ಕಳಿಗೆ ಎಣಿಸಿ ತೋರಿಸಬೇಕಿತ್ತು: ಕೀಟಕ್ಕೆ ಆರು ಕಾಲು, ಜೇಡ ಮತ್ತು ಉಣ್ಣೆಗೆ ಎಂಟು. ಪುಸ್ತಕದಲ್ಲಿ ಇದ್ದದ್ದು ಅಷ್ಟೆ. ನನಗೆ ಗೊತ್ತಿದ್ದದ್ದೂ ಅಷ್ಟೆ.

ಶಾಲೆ ಶುರುವಾದ ಮೇಲೆ ಜ್ವರ ಬಂತು. ಮೊದಲು ತಲೆನೋವು. ಹಣೆಯ ನೋವಲ್ಲ, ಕಣ್ಣುಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ. ಕಣ್ಣು ಕೆಂಪಾದವು, ಕಿವಿಯಲ್ಲಿ ಗುಂಯ್‌ ಎನ್ನುವ ಸದ್ದು. ಸುದ್ದಿ ಕೇಳಿ ಅತ್ತೆ ಎಮ್ಮೆಗಳನ್ನು ನೆರೆಯವರಿಗೆ ಒಪ್ಪಿಸಿ ಬೈಲಹೊಂಗಲಕ್ಕೆ ಬಂದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುವಾಗ ಆ ಕರಿ ಚುಕ್ಕೆಯನ್ನು ಮೊದಲು ಕಂಡವರು ಅವರೇ.

"ಇದೇನ ಇದು ಶಾರದಾ? ಎಲ್ಲೆರೆ ಸುಟ್ಟಕೊಂಡಿಯೇನು?"

ಮುಟ್ಟಿ ನೋಡಿಕೊಂಡೆ. ನೋವಿರಲಿಲ್ಲ, ತುರಿಕೆಯೂ ಇರಲಿಲ್ಲ. ಲಾಡಿ ಉಜ್ಜಿ ಆಗಿರಬೇಕು ಎಂದೆ. ಅವರು ಅದರ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರು. ಇಬ್ಬರೂ ಮರೆತೆವು.

ಮನೆಯವರು ನನ್ನನ್ನು ಊರಿನ ದೊಡ್ಡ ಖಾಸಗಿ ದವಾಖಾನೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರರು ಸೀರೆಯ ಮೇಲಿಂದಲೇ ಹೊಟ್ಟೆ ಒತ್ತಿ, ನಾಲಗೆ ನೋಡಿ, ರಕ್ತ ತೆಗೆಸಿ, ಟೈಫಾಯಿಡ್‌ ಎಂದರು. ಸಲಾಯಿನ್‌ ಹಚ್ಚಿದರು. ಸೀರೆ ಸಡಿಲಿಸಿ ಮೈ ತೋರಿಸಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನೂ ಸಂಕೋಚಪಡುತ್ತಿದ್ದೆ. ಇದನ್ನು ನಾವು ಮರ್ಯಾದೆ ಎನ್ನುತ್ತೇವೆ. ಈ ಮರ್ಯಾದೆಯಿಂದ ಎಷ್ಟು ಹೆಂಗಸರ ಕಾಯಿಲೆ ಬಟ್ಟೆಯೊಳಗೇ ಉಳಿದುಹೋಗಿರಬಹುದು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಔಷಧ ಬದಲಿಸಿದರು. ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಸೊಂಟಕ್ಕೆ ಇಂಜೆಕ್ಷನ್‌ ಕೊಡಲು ಬಂದ ಸಿಸ್ಟರ್‌ ಪರಕಾರ ಸಡಿಲಿಸಿದವರೇ ನಿಂತುಬಿಟ್ಟರು. ಹೋಗಿ ಡಾಕ್ಟರರನ್ನು ಕರೆತಂದರು. ಅವರು ಹೊದಿಕೆಯ ಅಂಚು ಎತ್ತಿ ಒಂದು ಕ್ಷಣ ನೋಡಿದರು. ಅಷ್ಟೇ ನೋಡಿದ್ದು. ಮುಟ್ಟಲಿಲ್ಲ.

"ಯಾರು ಬರಿ ಹಾಕ್ಸಿದಾವ್ರು?"

ನಮ್ಮ ಕಡೆ ಜ್ವರ ಬಿಡದಿದ್ದರೆ, ಕಣ್ಣು ಹಳದಿಯಾಗುವ ಕಾಮಣಿ ಬಂದರೆ, ಕೂಸು ಅಳು ನಿಲ್ಲಿಸದಿದ್ದರೆ ಕಾಸಿದ ಸರಳಿನಿಂದಲೋ ಬಳೆಯ ಚೂರಿನಿಂದಲೋ ಮೈ ಸುಡಿಸಿ ಬರೆ ಹಾಕಿಸುವವರು ಇದ್ದಾರೆ. ಇದು ಸುಳ್ಳಲ್ಲ. ಅಂಥ ಗಾಯ ಕೀವಾಗಿ ಸತ್ತವರೂ ಇದ್ದಾರೆ. ಡಾಕ್ಟರರಿಗೆ ಅದರ ಮೇಲಿದ್ದ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಅವರ ಕಣ್ಣಿಗಿಂತ ಮುಂದೆ ಓಡಿತು.

"ಯಾರೂ ಹಾಕ್ಸಿಲ್ರಿ ಸಾಹೇಬ್ರ," ಎಂದರು ಅತ್ತೆ.

"ಸುಳ್ಳ ಹೇಳಬ್ಯಾಡ. ಮೊದ್ಲ ಮನ್ಯಾಗ ಸುಟ್ಟು, ಸಾಯಾಕ ಬಂದಾಗ ನಮ್ಮ ಕಡೆ ತರೂದು. ಆಮ್ಯಾಲ ಡಾಕ್ಟರ್‌ ಕೊಂದಾ ಅನ್ನೂದು. ಇದ ಆತು ನಿಮ್ದು."

ಅಷ್ಟರಲ್ಲಿ ಅವರ ಕಣ್ಣು ಅತ್ತೆಯ ಎಡಗೈ ಮೇಲೆ ಬಿತ್ತು. ಮಣಿಕಟ್ಟಿನ ಮೇಲೆ ಹಳೆಯದೊಂದು ಸುಟ್ಟ ಗುರುತು ಇತ್ತು.

"ಇದೇನು ಮತ್ತ?"

"ಅದು ನಾ ಸಣ್ಣಾಕಿದ್ದಾಗಿಂದ್ರಿ. ಕಾಮಣಿ ಆಗಿತ್ತಂತ, ನಮ್ಮ ಅಜ್ಜ ಹಾಕ್ಸಿದ್ದ. ಅದರ ಉರಿ ನನಗ ಇನ್ನೂ ನೆನಪೈತ್ರಿ. ಅದಕ್ಕ ನಮ್ಮ ಮನ್ಯಾಗ ಒಂದು ಕೂಸಿಗೂ ನಾ ಹಾಕ್ಸಗೊಟ್ಟಿಲ್ಲ."

"ನೋಡ್ರಿ, ಮನಿತನದ ರೂಢಿನ ಐತಿ," ಎಂದರು ಡಾಕ್ಟರು, ಸಿಸ್ಟರ್‌ ಕಡೆ ತಿರುಗಿ.

ನಾನು ಹಾಸಿಗೆಯಿಂದ, ಬಾಯಿ ಒಣಗಿದ್ದರೂ, ಸ್ಪಷ್ಟವಾಗಿ ಹೇಳಿದೆ. "ಯಾರೂ ಹಾಕಿಲ್ರಿ. ಇದು ತಾನ ಆಗೇತಿ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಕನಿಕರದಿಂದ ನೋಡಿದರು. "ಜ್ವರದಾಗ ಮಾತಾಡಾಕತ್ತಾರ. ಅತ್ತಿ ಎದುರಿಗೆ ಹೆಂಗ ಹೇಳ್ಯಾರು, ಪಾಪ."

ಹೀಗೆ ಎರಡೂ ಬಾಗಿಲು ಮುಚ್ಚಿದವು. ಅತ್ತೆಯ ಮಾತು ಸುಳ್ಳು, ಏಕೆಂದರೆ ಆಕೆ ಹಳ್ಳಿಯವಳು. ನನ್ನ ಮಾತು ಸುಳ್ಳು, ಏಕೆಂದರೆ ನಾನು ಸೊಸೆ.

ಮನೆಯವರು ಅಂಗಡಿಯಿಂದ ಬಂದಾಗ ಡಾಕ್ಟರರು ಅವರನ್ನು ಒಳಗೆ ಕರೆದು ಮಾತಾಡಿದರು. ಹೊರಗೆ ಬಂದವರ ಮುಖ ಕಪ್ಪಿಟ್ಟಿತ್ತು. ವಾರ್ಡಿನ ಬಾಗಿಲಲ್ಲಿ, ಎಲ್ಲರೂ ಕೇಳುವಂತೆ, ತಾಯಿಯನ್ನು ಕೇಳಿದರು.

"ಅವ್ವಾ, ಖರೇ ಹೇಳು. ನಾ ಅಂಗಡಿಗೆ ಹೋದಾಗ ಯಾರನ್ನ ಕರಸಿದ್ದಿ?"

"ಯಾರನ್ನೂ ಕರಸಿಲ್ಲೋ ತಮ್ಮಾ."

"ಡಾಕ್ಟರ್‌ ಏನು ಹುಚ್ಚರೇನು?"

"ಅವರು ಹುಚ್ಚರೋ ಶ್ಯಾಣ್ಯಾರೋ ನನಗೇನ ಗೊತ್ತು. ನಾ ಹಾಕ್ಸಿಲ್ಲ."

ಪಕ್ಕದ ಹಾಸಿಗೆಯ ಹುಡುಗಿಯನ್ನು ನೋಡಿಕೊಳ್ಳಲು ಬಂದಿದ್ದ ಸವದತ್ತಿ ಕಡೆಯ ಒಬ್ಬರು ಎಲೆಯಡಿಕೆ ಅಗಿಯುತ್ತ, "ಹೋಗ್ಲಿ ಬಿಡ್ರಿ. ಹಳೇ ಮಂದಿ, ತಿಳೀಲಾರ್ದ ಮಾಡ್ತಾರ. ನಮ್ಮವ್ವ ನನಗ ಐದು ಹಾಕ್ಸ್ಯಾಳ. ಎಣಿಸ್ತೀರೇನು?" ಎಂದರು. ಒಂದಿಬ್ಬರು ನಕ್ಕರು. ಅವರು ಸಮಾಧಾನಕ್ಕೇ ಹೇಳಿದ್ದು. ಆದರೆ ಅಂಥ ಕ್ಷಮೆಯನ್ನು ಒಪ್ಪಿಕೊಂಡರೆ ಅಪರಾಧವನ್ನೂ ಒಪ್ಪಿಕೊಂಡಂತೆ. ಅತ್ತೆ ಒಪ್ಪಿಕೊಳ್ಳಲಿಲ್ಲ. ಗೋಡೆ ಹಿಡಿದು ನಿಂತೇ ಇದ್ದರು.

ಅಂದು ಮಧ್ಯಾಹ್ನವೇ ಮನೆಯವರು ಅವರನ್ನು ರಾಮದುರ್ಗದ ಬಸ್ಸು ಹತ್ತಿಸಿದರು. ಅಲ್ಲಿ ನಮ್ಮ ನಾದಿನಿಯ ಮನೆ ಇದೆ. ಹೋಗುವ ಮುನ್ನ ಅತ್ತೆ ನನ್ನ ಹಣೆಯ ಮೇಲೆ ಕೈಯಿಟ್ಟು, "ಗಂಜಿ ಕುಡಿ, ಬ್ಯಾಡ ಅನಬ್ಯಾಡ," ಎಂದರು. ಮಗನ ಕಡೆ ನೋಡಲಿಲ್ಲ. ನನಗೆ ಏಳಲು ಆಗಲಿಲ್ಲ. ನಾನು ಕೂಗಿದೆನೋ, ಕೂಗಿದೆನೆಂದು ಅಂದುಕೊಂಡೆನೋ, ಇವತ್ತಿಗೂ ಖಾತ್ರಿಯಿಲ್ಲ.

ಆಮೇಲಿನ ದಿನಗಳು ಚೂರುಚೂರಾಗಿ ನೆನಪಿವೆ. ಸುಟ್ಟ ಗಾಯವೆಂದು ಆ ಕಲೆಗೆ ಮುಲಾಮು ಹಚ್ಚಿ ಮೇಲೆ ಬಟ್ಟೆ ಪಟ್ಟಿ ಕಟ್ಟಿದರು. ನನ್ನ ಕಾಯಿಲೆಯ ಹೆಸರು ಬರೆದಿದ್ದ ಒಂದೇ ಒಂದು ಜಾಗವನ್ನು ಬಿಳಿ ಬಟ್ಟೆಯಿಂದ ಮುಚ್ಚಿದರು. ಉಸಿರು ಕಟ್ಟತೊಡಗಿತು. ಕಣ್ಣು ಹಳದಿಯಾದವು. ಕೊನೆಗೆ, ಇನ್ನು ನಮ್ಮಲ್ಲಿ ಆಗುವುದಿಲ್ಲ ಎಂದರು. ಮನೆಯವರು ಜೀಪು ಮಾಡಿಸಿ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಒಯ್ದರು. ದಾರಿಯುದ್ದಕ್ಕೂ ಜೀಪು ಎಗರಿದಾಗಲೆಲ್ಲ ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಅದನ್ನೂ ಬರೆಯಬೇಕು, ಏಕೆಂದರೆ ಅದೂ ನಿಜ.

ಬೆಳಗಾವಿಯಲ್ಲಿ ನನ್ನನ್ನು ನೋಡಿದವರು ವಯಸ್ಸಾದ ಡಾಕ್ಟರು. ಸೈನ್ಯದಲ್ಲಿ ಇದ್ದು ನಿವೃತ್ತರಾದವರು, ಕಾಡುಮೇಡಿನ ಗಡಿಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು ಎಂದು ಆಮೇಲೆ ತಿಳಿಯಿತು. ಅವರು ಮೊದಲು ಮಾಡಿದ ಕೆಲಸವೆಂದರೆ ಹಾಸಿಗೆಯ ಸುತ್ತ ಪರದೆ ಎಳೆಸಿದ್ದು. ಸಿಸ್ಟರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ತಂಗಿ, ತಲಿಯಿಂದ ಕಾಲಿನ ತನಕ ನೋಡಬೇಕಾಗೇತಿ. ನೋಡ್ಲೇನು?" ಎಂದು ನನ್ನನ್ನೇ ಕೇಳಿದರು. ಕಂಕುಳು, ಕಿವಿಯ ಹಿಂದೆ, ಬೆರಳ ಸಂದು ನೋಡಿದರು. ಕೊನೆಗೆ ಸೊಂಟದ ಪಟ್ಟಿ ಬಿಚ್ಚಿಸಿದರು.

ಪರದೆಯ ಆಚೆಯಿಂದ ನಮ್ಮ ಮನೆಯವರು ತಾವಾಗಿಯೇ ಹೇಳಿದರು. "ಅದು ನಮ್ಮ ತಾಯಿ ಬರಿ ಹಾಕ್ಸಿದ್ದ್ರಿ ಸರ್‌."

"ಹಾಕ್ಸೂದು ನೀವು ನೋಡೀರೇನು?"

"ಇಲ್ರಿ. ಅಲ್ಲಿ ಡಾಕ್ಟರ್‌ ಹೇಳಿದ್ರು."

"ನಿಮ್ಮ ತಾಯಿ ಏನಂತಾರ?"

"ಹಾಕ್ಸಿಲ್ಲ ಅಂತಾಳ್ರಿ."

"ನಿಮ್ಮ ಹೆಂಡ್ತಿ?"

"ಅಕಿನೂ ಇಲ್ಲ ಅಂತಾಳ್ರಿ."

"ಹಂಗಾರ ಹಾಕ್ಸಿಲ್ಲ," ಎಂದರು ಅವರು, ಬೆರಳಿನಿಂದ ಆ ಕರಿ ಹಕ್ಕಳೆಯ ಅಂಚನ್ನು ಮೆಲ್ಲಗೆ ಒತ್ತುತ್ತ. "ನೋವಾಗತೈತೇನು ತಂಗಿ?" ಇಲ್ಲ ಎಂದೆ. "ಬರಿ ಆಗಿದ್ರ ಇಷ್ಟು ಒತ್ತಗೊಡ್ತಿದ್ದಿಲ್ಲ ನೀವು." ತೊಡೆಯ ಸಂದಿನಲ್ಲಿ ಗಂಟು ಬಾತಿದ್ದನ್ನು ನೋಡಿದರು. ಆಮೇಲೆ ಕೇಳಿದರು: "ಈಗೊಂದು ತಿಂಗಳ ಹಿಂದ ಹುಲ್ಲಿನ್ಯಾಗ ಕುಂತಿದ್ರೇನು?"

ನನಗೆ ಅಳು ಬಂತು. ಕಾಯಿಲೆ ಬಂದ ಮೇಲೆ ಮೊದಲ ಸಲ ಒಬ್ಬರು ಉತ್ತರ ಕೇಳುವುದಕ್ಕಾಗಿ ಪ್ರಶ್ನೆ ಕೇಳಿದ್ದರು.

ಸ್ಕ್ರಬ್‌ ಟೈಫಸ್‌ ಎಂದರು. ಕೊಟ್ಟ ಮಾತ್ರೆ ವಿಶೇಷವಾದದ್ದೇನಲ್ಲ, ಬೈಲಹೊಂಗಲದ ಯಾವ ಔಷಧದ ಅಂಗಡಿಯಲ್ಲೂ ಸಿಗುವಂಥದ್ದು. ಮರುದಿನ ರಾತ್ರಿಗೆ ಬೆವರು ಬಂತು. ಅದರ ಮರುದಿನ ಹಸಿವಾಯಿತು. ಕಿವಿಯ ಸದ್ದು ಮಾತ್ರ ಬಹಳ ಕಾಲ ಉಳಿಯಿತು.

ಚೇತರಿಸಿಕೊಂಡ ಮೇಲೆ ನನ್ನನ್ನು ಕಚ್ಚಿದ್ದು ಏನೆಂದು ಓದಿ ತಿಳಿದುಕೊಂಡೆ. ಅದೊಂದು ನುಸಿ, ಉಣ್ಣೆಯ ಬಳಗದ್ದು. ಕಚ್ಚುವುದು ದೊಡ್ಡ ನುಸಿಯಲ್ಲ, ಅದರ ಮರಿ. ಮರಿಗೆ ಇರುವುದು ಆರೇ ಕಾಲು. ಉಣ್ಣೆಯ ಮರಿಗೂ ಹಾಗೆಯೇ. ಎಂಟು ಕಾಲು ಬರುವುದು ಆಮೇಲೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ನಾನು ಅರ್ಧ ಸಂಗತಿಯನ್ನಷ್ಟೇ ಬರೆದಿದ್ದೆ. ಬರಿಗಣ್ಣಿಗೆ ಕಂಡರೆ ಕೆಂಪು ಧೂಳಿನ ಕಣದಂತೆ ಕಾಣುತ್ತದೆ, ಕಾಣದಿದ್ದರೆ ಇಲ್ಲ. ಹುಲ್ಲಿನ ತುದಿಯಲ್ಲಿ ಕಾಯುತ್ತದೆ. ಬಟ್ಟೆಯೊಳಗೆ ಸೇರಿದರೆ, ಬಟ್ಟೆ ಬಿಗಿಯಾದ ಕಡೆ ಹೋಗಿ ನಿಲ್ಲುತ್ತದೆ. ರಕ್ತ ಹೀರುವುದಿಲ್ಲ. ಚರ್ಮಕ್ಕೆ ಜೊಲ್ಲು ಬಿಟ್ಟು, ಅಲ್ಲಿಯದನ್ನು ಕರಗಿಸಿ, ಚರ್ಮದೊಳಗೇ ಒಂದು ಸಣ್ಣ ಕೊಳವೆ ಕಟ್ಟಿಕೊಂಡು ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಉದುರಿ ಮಣ್ಣು ಸೇರುತ್ತದೆ. ಬೆಳೆದ ಮೇಲೆ ಮತ್ತೆ ಮನುಷ್ಯರ ತಂಟೆಗೆ ಬರುವುದಿಲ್ಲ, ಮಣ್ಣಿನಲ್ಲಿ ಹುಳಗಳ ಮೊಟ್ಟೆ ತಿಂದುಕೊಂಡಿರುತ್ತದೆ. ರೋಗದ ಬೀಜವನ್ನು ಮರಿ ಎಲ್ಲಿಂದಲೋ ತಂದುಕೊಂಡದ್ದೂ ಅಲ್ಲ, ತಾಯಿಯಿಂದ ಮೊಟ್ಟೆಯಲ್ಲೇ ಅದಕ್ಕೆ ಬಂದಿರುತ್ತದೆ.

ಕಚ್ಚಿದ ಜಾಗ ಸತ್ತು, ಕರ್ರಗಾಗಿ, ನೋವಿಲ್ಲದ ಹಕ್ಕಳೆಯಾಗುತ್ತದೆ. ಬೀಡಿಯಿಂದ ಸುಟ್ಟ ಹಾಗೆ. ಬರೆ ಹಾಕಿದ ಹಾಗೆ.

ಆ ಮರಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಒಂದು ಊಟ ಮಾಡಿ ಹೋಯಿತು. ಅದಕ್ಕೆ ನಾನು ಯಾರೆಂದು ಗೊತ್ತಿರಲಿಲ್ಲ, ಗೊತ್ತಿದೆ ಎಂದು ಅದು ಹೇಳಿಕೊಳ್ಳಲೂ ಇಲ್ಲ.

ನಡೆಯುವಷ್ಟು ಶಕ್ತಿ ಬಂದಾಗ ಬೈಲಹೊಂಗಲದ ಡಾಕ್ಟರರ ಹತ್ತಿರ ಹೋದೆ. ಜಗಳಕ್ಕಲ್ಲ. ಇನ್ನೊಬ್ಬರು ಇಂಥದ್ದೇ ಕಲೆ ಹೊತ್ತು ಬಂದರೆ ಅವರಾದರೂ ಬದುಕಲಿ ಎಂದು. ನನ್ನ ಸರದಿ ಬರುವವರೆಗೆ ಅದೇ ಬೆಂಚಿನ ಮೇಲೆ ಕಾದೆ. ಅವರು ಖುಷಿಯಿಂದಲೇ ಬರಮಾಡಿಕೊಂಡರು. "ಆರಾಮಾದ್ರಿ, ಭಾಳ ಛಲೋ ಆತು ಮೇಡಂ." ಎಲ್ಲವನ್ನೂ ಹೇಳಿದೆ. ತಲೆಯಾಡಿಸುತ್ತ ಕೇಳಿದರು.

"ನೋಡ್ರಿ, ಈ ರೋಗ ನಮ್ಮ ಭಾಗದಾಗ ಯಾರೂ ಕೇಳಿದ್ದಲ್ಲ. ಇಲ್ಲಿ ಮೈ ಮ್ಯಾಲ ಕರಿ ಕಲಿ ಅಂದ್ರ ಬರಿನ."

"ರೋಗ ಗೊತ್ತಿರಲಿಲ್ಲ, ಅದು ತಪ್ಪಲ್ರಿ. ಹಾಕ್ಸಿಲ್ಲ ಅಂತ ನಾವಿಬ್ರೂ ಹೇಳಿದ್ವಿ."

"ಹಾಕ್ಸಿದಾವ್ರೂ ಹಂಗ ಹೇಳ್ತಾರ್ರಿ ಮೇಡಂ."

"ಹಂಗಾದ್ರ ಹಾಕ್ಸದ ಇದ್ದಾವ್ರು ಏನಂತ ಹೇಳಬೇಕ್ರಿ?"

ಅವರು ಮೇಜಿನ ಮೇಲಿನ ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದರು.

ಇದನ್ನು ಓದುತ್ತಿರುವವರಿಗೆ ಇಲ್ಲಿಯೇ ಒಂದು ಮಾತು. ಹುಲ್ಲು, ಕಂಟಿ ಓಡಾಡಿ ಬಂದ ಮೇಲೆ ಬಿಡದ ಜ್ವರ ಬಂದರೆ, ಮೈಯನ್ನು ಪೂರ್ತಿ ನೋಡಿಕೊಳ್ಳಿ. ಲಾಡಿಯ ಕೆಳಗೆ, ಕಂಕುಳಲ್ಲಿ, ಎದೆಯ ಕೆಳಗೆ. ನೋವಿಲ್ಲದ ಕರಿ ಹಕ್ಕಳೆ ಕಂಡರೆ ಸಂಕೋಚ ಬಿಟ್ಟು ತೋರಿಸಿ. ಯಾರು ಮಾಡಿದ್ದೆಂದು ಕೇಳಿದರೆ, ಯಾರೂ ಅಲ್ಲ ಎಂದು ಹೇಳಿ. ನಂಬದಿದ್ದರೆ ಅಲ್ಲಿಂದ ಎದ್ದು ಬೇರೆ ಕಡೆ ಹೋಗಿ. ನನಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ.

ಅತ್ತೆ ಇನ್ನೂ ರಾಮದುರ್ಗದಲ್ಲೇ ಇದ್ದರು. ಮನೆಯವರು ನಾದಿನಿಯ ಓಣಿಯ ಎಸ್‌ಟಿಡಿ ಅಂಗಡಿಗೆ ಫೋನು ಮಾಡಿ, ಅವ್ವನನ್ನು ಕಳಿಸು ಎಂದು ಹೇಳಿಸಿದ್ದರು. ಅತ್ತೆ ಬಂದಿರಲಿಲ್ಲ. ಮತ್ತೆ ಹೇಳಿಸಿದರು. ಆಗಲೂ ಬರಲಿಲ್ಲ. ಕೊನೆಗೆ ಒಂದು ರವಿವಾರ ನಾವಿಬ್ಬರೇ ಹೋದೆವು.

ಅತ್ತೆ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಬದಿಗಿಟ್ಟು ಎದ್ದು ಬಂದರು. ಎರಡೂ ಕೆನ್ನೆ ಹಿಡಿದು, "ಎಷ್ಟ ಸೊರಗಿಯವಾ, ಕೂಡು," ಎಂದರು. ನೀರು ಕೊಟ್ಟರು. ಮಗನಿಗೂ ಕೊಟ್ಟರು, ಕೈಗಲ್ಲ, ಎದುರಿಗೆ ನೆಲದ ಮೇಲಿಟ್ಟರು.

ಮನೆಯವರೇ ಮಾತು ತೆಗೆದರು. "ಅವ್ವಾ, ಅದು ಹುಳಾ ಕಚ್ಚಿದ್ದಂತ. ಬೆಳಗಾವಿ ಡಾಕ್ಟರ್‌ ಹೇಳಿದ್ರು. ನಿಂದೇನು ತಪ್ಪಿಲ್ಲಂತ."

"ಅದನ್ನ ನಾ ಅವತ್ತ ಹೇಳಿದ್ನೆಲ್ಲೋ."

"ಅವತ್ತ ಯಾರಿಗೆ ಗೊತ್ತಿತ್ತು?"

"ನನಗ ಗೊತ್ತಿತ್ತು."

ಮನೆಯವರು ತಲೆ ತಗ್ಗಿಸಿದರು. "ಆತು ಬಿಡು. ನಡಿ ಈಗ, ಮನಿಗೆ ಹೋಗೂಣು."

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಕಲ್ಲು ಆರಿಸುತ್ತಲೇ, ದನಿ ಏರಿಸದೆ ಹೇಳಿದರು. "ಒಬ್ಬ ಡಾಕ್ಟರ್‌ ಮಾತಿಗೆ ಬಸ್‌ ಹತ್ತಿಸಿದಿ. ಇನ್ನೊಬ್ಬ ಡಾಕ್ಟರ್‌ ಮಾತಿಗೆ ಕರಿಯಾಕ ಬಂದಿ. ಮೂರನೇದಾಂವ ಏನಂತಾನೋ ಕೇಳ್ಕೊಂಡ ಬಾ. ಆಮ್ಯಾಲ ಬರತೇನಿ."

ನಾದಿನಿ ಬಾಯಿಗೆ ಸೆರಗು ಹಿಡಿದಳು. ಊಟ ಮಾಡಿದೆವು. ಅತ್ತೆ ನನಗೆ ಬದನೆಕಾಯಿ ಪಲ್ಯ, ರೊಟ್ಟಿ, ಮೇಲೆ ಮೊಸರು ಹಾಕಿ, ಮುಗಿಸುವವರೆಗೂ ಎದುರಿಗೇ ಕುಳಿತರು. ಬಸ್ಸಿನ ಹೊತ್ತಿಗೆ ಬಾಗಿಲವರೆಗೆ ಬಂದರು. ಅಷ್ಟೆ.

ಬಸ್ಸು ಊರು ದಾಟಿತು. ಆಮೇಲೆ ಮನೆಯವರು ಕಿಟಕಿಯ ಕಡೆ ನೋಡುತ್ತ, "ಅವ್ವಂದು ಭಾಳ ಹಟಾ," ಎಂದರು.

ಇಷ್ಟು ದಿನ ನುಂಗಿಕೊಂಡದ್ದು ಆಗ ಹೊರಗೆ ಬಂತು. ಬಸ್ಸಿನಲ್ಲಿ ಜನರಿದ್ದರು. ಇರಲಿ ಎನಿಸಿತು.

"ಹಟಾ ಅಲ್ರಿ ಅದು. ಡಾಕ್ಟರ್‌ ಏನಂದ್ರು ಅನ್ನೂದು ಅತ್ತಿಯವರಿಗೆ ಬ್ಯಾಡಾಗೇತಿ. ನೀವು ಏನಂತೀರಿ ಅದನ್ನ ಕೇಳಬೇಕಂತ ಕುಂತಾರ. ನೀವು ಇನ್ನೂ ಅಂದಿಲ್ಲ. ನನಗೂ ಅಂದಿಲ್ಲ."

ಅವರು ಕೂಗಾಡುತ್ತಾರೆ ಎಂದುಕೊಂಡೆ, ಕೂಗಾಡಲಿಲ್ಲ. ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಎದ್ದು, ಜನರ ನಡುವೆ ಜಾಗ ಮಾಡಿಕೊಂಡು ಕೆಳಗಿಳಿದರು. ಚಹಾಕ್ಕೆ ಹೋದರೇನೋ ಎಂದು ಕಿಟಕಿಯಿಂದ ನೋಡಿದೆ. ಅವರು ಚಹಾದ ಅಂಗಡಿ ದಾಟಿ, ರಾಮದುರ್ಗದ ಕಡೆ ಹೋಗುವ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ನನ್ನ ಕಡೆ ತಿರುಗಿ ನೋಡಲಿಲ್ಲ.

ನನ್ನ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ಅಕ್ಕಾರ, ನಿಮ್ಮ ಯಜಮಾನ್ರು ಇಳದ ಹೋದ್ರಲ್ರಿ. ಬೈಲಹೊಂಗಲ ಇನ್ನೂ ದೂರ ಐತಿ. ನಿಲ್ಲಿಸ್ಲೇನು, ಕರೀತೀರೇನು?"

"ಬ್ಯಾಡ್ರಿ," ಎಂದೆ. "ರೈಟ್‌ ಹೇಳ್ರಿ."